ಪೇತ್ರನ ಸೆರೆಮನೆಯ ಬಾಗಿಲು

ಲಂಡನ್, ನವೆಂಬರ್ ೧೮೬೪

ಪ್ರಿಯ ಲೆಟೀಶಿಯಾ,

ನಿನ್ನ ವಿಳಾಸ ನನ್ನಲ್ಲಿಲ್ಲ. ಇದ್ದರೂ ಇದನ್ನು ಕಳಿಸುತ್ತಿದ್ದೆನೇ, ತಿಳಿಯದು.

ಇಂದು ಒಂದು ಭಕ್ತಿಪದ್ಯಕ್ಕೆ ಚಿತ್ರ ಕೆತ್ತಿದೆ: ಸೆರೆಯಲ್ಲಿರುವ ಯೇಸುಶಿಷ್ಯ ಪೇತ್ರ, ಬಾಗಿಲು ತೆರೆಯುವ ದೇವದೂತ. ಮರದ ಅಚ್ಚಿನಲ್ಲಿ ನಾವು ಕೆತ್ತಿ ತೆಗೆದದ್ದೇ ಕಾಗದದ ಮೇಲೆ ಬೆಳಕು, ಬಿಟ್ಟದ್ದು ಕತ್ತಲೆ. ಸರಳುಗಳನ್ನೆಲ್ಲ ಅಚ್ಚುಕಟ್ಟಾಗಿ ಕೆತ್ತಿ, ಬಾಗಿಲ ಸಂದನ್ನೇ ಮರೆತಿದ್ದೆ. ಕರಡು ಪ್ರತಿ ನೋಡಿ ಯಜಮಾನರು ನಕ್ಕರು: "ಏನಮ್ಮಾ ಡಾರ್ಕಸ್, ದೇವದೂತನೂ ಒಳಗೇ ಸಿಕ್ಕಿಹಾಕ್ಕೊಂಡ್ನಲ್ಲ! ಒಂದು ಗೀರು ಎಳೆದುಬಿಡು, ಬಾಗಿಲು ತೆರಕೊಳ್ತದೆ."

ಇಲ್ಲಿನ ಕೆಲಸ ಬಿಟ್ಟು ಹೊರಡುವ ದಿನ ನೀನು ಇದೇ ಕೆತ್ತನೆ ಕೋಣೆಯ ಬಾಗಿಲು ಹಿಡಿದು, "ಬಾರೇ, ನಮ್ಮದೇ ಅಂಗಡಿ ಹಾಕೋಣ" ಎಂದಾಗ ನಾನು ಅಚ್ಚಿನಿಂದ ತಲೆಯೆತ್ತಲಿಲ್ಲ.

ಗೀರು ಎಳೆದೆ. ಪೇತ್ರನ ಮೇಲೆ ಬೆಳಕು ಬಿತ್ತು. ಆಮೇಲೆ ಮುಂದಿನ ಅಚ್ಚಿಗೆ ಕೈಹಾಕಿದೆ.

ಡಾರ್ಕಸ್