ತಲಬಾಗಿಲ ಗೂಟದ ಎಲೆಯಡಿಕೆ ಚೀಲ

ಬ್ಯಾಡಗಿ, ೭ ಫೆಬ್ರುವರಿ ೧೯೮೯, ಮಂಗಳವಾರ

ಪಕ್ಕದ ಮನೆಯ ಕರೆವ್ವ ನಿನ್ನೆ ಅಂದ ಮಾತು ಇವತ್ತೂ ಚುಚ್ಚುತ್ತಿತ್ತು: "ಹಸೀನಾ, ವಯಸ್ಸಾದ ಅತ್ತೀನ ಒಂದು ಎಲಿಗೆ ಬಾಗಲತನಕ ನಡಸ್ತೀಯಲ್ಲ, ಕರಳ ಅನ್ನೂದು ಐತೇನ ನಿನಗ?"

ಇದೆ. ಇರುವುದರಿಂದಲೇ ಎಲೆಯಡಿಕೆ ಚೀಲವನ್ನು ಅತ್ತೆಯ ಮಂಚದಿಂದ ತೆಗೆದು ತಲಬಾಗಿಲ ಗೂಟಕ್ಕೆ ಹಾಕಿದ್ದೇನೆ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಎಂದು ಗೊತ್ತಾದಾಗಿನಿಂದ ಮನೆಯವರೆಲ್ಲ ಕೂತಲ್ಲಿಗೇ ನೀರು, ಕೂತಲ್ಲಿಗೇ ಊಟ ಕೊಟ್ಟರು. ಅದನ್ನೇ ಸೇವೆ ಅಂದುಕೊಂಡರು. ಮೀನಖಂಡ ಕರಗಿ ಕಾಲು ಕೋಲಾಯಿತು. ರಾಣೆಬೆನ್ನೂರಿನ ಡಾಕ್ಟರು ಹೇಳಿದ್ದು ಇಷ್ಟೇ: ತಂಬಾಕು ಬಿಡಬೇಕು, ನಡೆಯಬೇಕು, ನೋವು ಬಂದರೆ ನಿಲ್ಲಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು. ತಂಬಾಕನ್ನು ಚೀಲದಿಂದ ನಾನೇ ತೆಗೆದೆ. ಅತ್ತೆ ಬೈದರು. ಬೈಯುತ್ತಲೇ ನಡೆದರು.

ಇವತ್ತು ಮಧ್ಯಾಹ್ನ ಕರೆವ್ವನೂ ಸೇರಿ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದೆವು. ಏಳುವಾಗ ಕರೆವ್ವ ಅತ್ತೆಗೆ ಕೈ ಕೊಡಲು ಬಗ್ಗಿದಳು. ಅತ್ತೆ ಆ ಕೈ ಹಿಡಿಯಲಿಲ್ಲ. ಮೊಣಕಾಲಿಗೆ ಕೈಯೂರಿ ತಾವೇ ಎದ್ದರು! ತಲಬಾಗಿಲ ಕಡೆ ಹೊರಟವರು ನಡುವೆ ನಿಂತರು, ಸುಧಾರಿಸಿಕೊಂಡರು, ಮತ್ತೆ ನಡೆದರು. ಚೀಲ ತಂದು ಕರೆವ್ವನ ಕೈಗೆ ಎಲೆ ಇಟ್ಟರು.

"ತಗೋ ಕರೆವ್ವ. ಕುಂದ್ರಿಸಿ ತಿನ್ನಿಸಿದವರು ಭಾಳ ಮಂದಿ. ನಡಸಿದಾಕಿ ನನ್ನ ಸೊಸಿ ಒಬ್ಬಾಕಿ."

ಕರೆವ್ವ ಎಲೆ ಅಗಿದಳು. ನಾನು ಚೀಲವನ್ನು ಮತ್ತೆ ಗೂಟಕ್ಕೆ ಹಾಕಿದೆ.

ನಾಳೆ ಆ ಚೀಲ ಹಿತ್ತಲ ಬಾಗಿಲಿಗೆ. ಅದು ಇನ್ನೂ ದೂರ. ಬೈಯಲಿ.