ಹೊಳೆಯ ಆ ದಡದಲ್ಲಿ ಯಾರಿದ್ದರು?

ಆರೈಕೆ ವಲಯಗಳ ಗಡಿಯನ್ನು ಹೊಸದಾಗಿ ಎಳೆದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನನ್ನ ಅಮ್ಮನ ಊರನ್ನು ನೀವು ಎರಡನೆಯ ಸಲ ಕಸಿದುಕೊಂಡಿದ್ದೀರಿ. ಮೊದಲ ಸಲ ಕಸಿದವರು ಫಿರಂಗಿ ತಂದಿದ್ದರು. ನೀವು ಸುತ್ತೋಲೆ ತಂದಿರಿ. ಫಿರಂಗಿಯ ಸದ್ದಾದರೂ ಮೊದಲೇ ಕೇಳಿಸಿತ್ತಂತೆ, ಓಡಲು ಸಮಯ ಸಿಕ್ಕಿತ್ತಂತೆ.

ನಿಮ್ಮ ಮೇಜಿಗೆ ಬರುವ ನೂರಾರು ದೂರುಗಳಲ್ಲಿ ಇದೂ ಒಂದೆಂದು ಬದಿಗೆ ಸರಿಸುವ ಮುನ್ನ ನಡೆದದ್ದನ್ನು ಕೇಳಿ. ಪಿಹ್ಲಾಯ ವೃದ್ಧಾಲಯದಲ್ಲಿ ನನ್ನ ಅಮ್ಮ ಇಂಪಿ ಮತ್ತು ಅವಳ ಗೆಳತಿ ಸೈಮಿ ಅಕ್ಕಪಕ್ಕದ ಕೋಣೆಗಳಲ್ಲಿದ್ದರು. ಇಬ್ಬರೂ ಹುಟ್ಟಿದ್ದು ಪೂರ್ವಗಡಿಯ ಕರೇಲಿಯ ಪ್ರಾಂತ್ಯದ ಹೌಕಿಯೋಕಿ ಎಂಬ ಹಳ್ಳಿಯಲ್ಲಿ. ಯುದ್ಧ ಮುಗಿದಾಗ ಆ ಹಳ್ಳಿ ರಷ್ಯನ್ನರ ಪಾಲಾಗಿ ಗಡಿಯ ಆಚೆಗೆ ಹೋಗಿತ್ತು, ಊರಿನವರೆಲ್ಲ ದನದ ಬೋಗಿಗಳಲ್ಲಿ ಈಚೆಗೆ ಬಂದಿದ್ದರು. ಇಲ್ಲಿನ ಹ್ಯಾಮೆ ಪ್ರಾಂತ್ಯದಲ್ಲಿ ಆಶ್ರಯ ಕೊಟ್ಟ ಮನೆಯೊಡತಿ ಪುಟ್ಟ ಹುಡುಗಿಯಾಗಿದ್ದ ನನ್ನಮ್ಮನನ್ನು ನೋಡಿ, "ಇದೇನು, ರಷ್ಯನ್ನರ ಮರೀನ ನಮ್ಮನೇಲಿ ಬಿಟ್ಟು ಹೋದ್ರಲ್ಲ" ಅಂದಳಂತೆ. ಅಮ್ಮ ಹ್ಯಾಮೆಯವನನ್ನೇ ಮದುವೆಯಾದಳು. ನಮ್ಮಪ್ಪ ದಿನಕ್ಕೆ ನಾಲ್ಕು ಮಾತಾಡಿದರೆ ಅದೇ ಹಬ್ಬ. ಅಮ್ಮ ಅಳುತ್ತಲೇ ನಗುವವಳು, ನಗುತ್ತಲೇ ಹಾಡುವವಳು. ಜೀವಮಾನವೆಲ್ಲ ಹ್ಯಾಮೆಯಲ್ಲೇ ಬಾಳಿದರೂ ಯಾವೂರು ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ: "ಕರೇಲಿಯದವಳು. ಇಲ್ಲಿ ಸ್ವಲ್ಪ ದಿನಕ್ಕೆ ಬಂದಿದೀನಿ."

ಮರೆವು ಬಂದ ಮೇಲೆ ಅಮ್ಮನಿಗೆ ಅಪ್ಪನ ಹೆಸರು ಹೋಯಿತು, ನನ್ನ ಹೆಸರು ಬಂದು ಹೋಗುತ್ತಿತ್ತು. ಉಳಿದದ್ದು ಹೌಕಿಯೋಕಿ. ಮಧ್ಯಾಹ್ನದ ಕಾಫಿಯಾದ ಮೇಲೆ ಅವಳೂ ಸೈಮಿಯೂ ಕಿಟಕಿಯ ಪಕ್ಕ ಕೂತು ಊರೊಳಗೆ ನಡೆಯಲು ಹೊರಡುತ್ತಿದ್ದರು. ಕುರ್ಚಿಯಿಂದ ಏಳದೆಯೇ.

"ಕಮ್ಮಾರನ ಮನೆ ದಾಟಿದ್ವಿ. ನಾಯಿ ಕಟ್ಟಿಲ್ಲ, ಹುಷಾರು ಕಣೇ" ಎನ್ನುತ್ತಿದ್ದಳು ಅಮ್ಮ.

"ಬಾವಿ ಹತ್ರ ಯಾರದು ನಿಂತಿರೋದು?"

"ಲೂಸಿ ಚಿಕ್ಕಮ್ಮ. ಇವತ್ತೂ ಗಂಡನ್ನ ಬೈತಿದಾಳೆ."

"ಸೇತುವೆ ಬಂತು ಇಂಪಿ. ಇನ್ನು ನಿನ್ನ ಬಾಯಿ ಮುಚ್ಚು. ಈ ಕಡೆ ನನ್ನದು."

ಹೊಳೆಯ ಈ ದಡ ಅಮ್ಮನದು, ಆ ದಡ ಸೈಮಿಯದು. ಒಬ್ಬರ ದಡದ ಬಗ್ಗೆ ಇನ್ನೊಬ್ಬರು ತುಟಿ ಬಿಚ್ಚುವಂತಿರಲಿಲ್ಲ. ಸತ್ತು ಎಷ್ಟೋ ಕಾಲವಾದವರು ಅಲ್ಲಿ ಹಾಲು ಕರೆಯುತ್ತಿದ್ದರು, ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದರು, ನೆರೆಯವರ ಮೇಲೆ ಚಾಡಿ ಹೇಳುತ್ತಿದ್ದರು. ಪಕ್ಕದಲ್ಲಿ ಕೂತ ನಾನು ನಾಯಿಯ ಮಾತು ಬಂದಾಗ ಗೊತ್ತಿಲ್ಲದೆ ಕಾಲು ಎಳೆದುಕೊಂಡದ್ದುಂಟು. ಹಳ್ಳಿ ಸುತ್ತಿ ಬಂದ ಮೇಲೆ ಇಬ್ಬರೂ ಹೊಟ್ಟೆ ತುಂಬ ಉಂಡು ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಮಾತ್ರೆ ಬೇಕಿರಲಿಲ್ಲ.

ಆಗ ನಿಮ್ಮ ಗೆರೆ ಬಂತು. ಸೈಮಿಯ ಖಾಯಂ ವಿಳಾಸ ಪಕ್ಕದ ವಲಯಕ್ಕೆ ಸೇರಿತಂತೆ. ಅವಳನ್ನು ಬಸ್ಸಿನಲ್ಲಿ ಮೂರು ಗಂಟೆ ದೂರದ ಉತ್ತರದ ವೃದ್ಧಾಲಯಕ್ಕೆ ಸಾಗಿಸಿದಿರಿ. ವಾಹನ ಹತ್ತುವಾಗ ಅವಳು ನನ್ನ ತೋಳು ಹಿಡಿದು ಕೇಳಿದ್ದು ಒಂದೇ ಮಾತು: "ಈ ಸಲ ಹಸುಗಳನ್ನ ಬಿಚ್ಚಿ ಬಿಟ್ಟಿದಾರಾ, ಇಲ್ಲ ಕಟ್ಟೇ ಬಂದ್ರಾ?"

ನೀವು ಕರೆದ ಸಾರ್ವಜನಿಕ ಸಭೆಗೆ ನಾನು ಬಂದಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ. ಮಾತು ಶುರು ಮಾಡುವಾಗ ನೀವೊಂದು ನಗೆಚಟಾಕಿ ಹಾರಿಸಿದಿರಿ: "ನಾನು ಸಾವೋ ಪ್ರಾಂತ್ಯದವನು, ಎಚ್ಚರಿಕೆಯಿಂದ ಕೇಳಿ. ನಮ್ಮವರು ಬಾಯಿ ತೆರೆದರೆ ಹೊಣೆ ಕೇಳಿಸಿಕೊಂಡವರದು." ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ಎದ್ದು ನಿಂತು ಇಬ್ಬರು ಮುದುಕಿಯರ ವಿಷಯ ಹೇಳಿದೆ. ನೀವು ತಾಳ್ಮೆಯಿಂದಲೇ ಉತ್ತರಿಸಿದಿರಿ: "ನೋಡಿ ಅಮ್ಮಾ, ಕರೇಲಿಯ ಅನ್ನೋದು ಆಡಳಿತ ಘಟಕ ಅಲ್ಲ. ಭಾವನೆ. ಭಾವನೆಗೆ ಹಾಸಿಗೆ ಹಂಚೋಕಾಗಲ್ಲ."

ಸರಿ ಸ್ವಾಮಿ. ಹಾಗಾದರೆ ಸಾವೋ ಯಾವ ಇಲಾಖೆಗೆ ಸೇರಿದ ಘಟಕ? ಅಲ್ಲಿಗೆ ಕಚೇರಿಯಿದೆಯೇ, ಮೊಹರಿದೆಯೇ? ಈ ಹಳೆಯ ಪ್ರಾಂತ್ಯಗಳ ಕೈಯಿಂದ ಅಧಿಕಾರ ಜಾರಿ ಶತಮಾನಗಳೇ ಕಳೆದವು. ಅವು ತೆರಿಗೆ ಎತ್ತುವುದಿಲ್ಲ, ದಂಡ ಹಾಕುವುದಿಲ್ಲ, ಯಾರ ಮನೆ ಬಾಗಿಲಿಗೂ ಆಳು ಕಳಿಸುವುದಿಲ್ಲ. ಆದರೂ ಮುನ್ನೂರು ಜನರ ಎದುರು ನೀವು ಯಾರೆಂದು ಹೇಳಿಕೊಳ್ಳಬೇಕಾದಾಗ ನಿಮ್ಮ ಬಾಯಿಗೆ ಬಂದದ್ದು ನಿಮ್ಮ ವಲಯದ ಹೆಸರಲ್ಲ, ಅಜ್ಜನ ಪ್ರಾಂತ್ಯದ ಹೆಸರು. ಸಭೆಯ ನಂತರ ಕಾಫಿಯ ಜೊತೆ ಎರಡು ಕರೇಲಿಯ ಪೀರಕ್ಕಗಳನ್ನು, ಆ ರೈ ಹಿಟ್ಟಿನ ಅಂಚು ಸುಟ್ಟು ಗರಿಗರಿಯಾದವನ್ನು, ಮೊಟ್ಟೆ-ಬೆಣ್ಣೆ ಸವರಿಕೊಂಡು ತಿಂದಿರಿ. ಇಲ್ಲದ ಘಟಕದ ತಿಂಡಿ ರುಚಿಯಾಗಿತ್ತೇ? ಸಾವೋದವನಾಗಿ ನಗಿಸಲು ನಿಮಗೆ ಹಕ್ಕಿದ್ದರೆ, ಕರೇಲಿಯದವಳಾಗಿ ಸಾಯಲು ಒಬ್ಬ ಮುದುಕಿಗೆ ಹಕ್ಕಿಲ್ಲವೇ?

ಸೈಮಿ ಹೋದ ಮೊದಲ ದಿನವೇ ಅಮ್ಮ ಸೇತುವೆಯ ತನಕ ನಡೆದು ನಿಂತಳು. "ಆ ಕಡೆ ಯಾರೂ ದೀಪ ಹಚ್ಚಿಲ್ಲ. ಏನಾಯ್ತು?" ಎಂದು ಕಿಟಕಿಯ ಗಾಜಿಗೆ ಹಣೆ ಹಚ್ಚಿ ನೋಡಿದಳು. ಹೊರಗೆ ಇದ್ದದ್ದು ವಾಹನ ನಿಲ್ಲಿಸುವ ಜಾಗ. ಮರುದಿನವೂ ಅದೇ. ಆಮೇಲೆ ಊಟ ಬಿಟ್ಟಳು. "ಆ ದಡದೋರನ್ನೆಲ್ಲ ಎಲ್ಲಿಗೆ ಸಾಗಿಸಿದ್ರು? ನಮ್ಮನ್ಯಾಕೆ ಇಲ್ಲೇ ಬಿಟ್ರು?"

ಆ ದಡವನ್ನು ತರಲು ನಾನೇ ಸೈಮಿಯ ಹತ್ತಿರ ಹೋದೆ. ಅಲ್ಲಿನ ದಾದಿ ಒಳ್ಳೆಯವಳು. "ಇವರಿಗೆ ಮಾತು ಬರುತ್ತಾ? ಬಂದಾಗಿಂದ ನಮ್ಮ ಹತ್ರ ಒಂದು ಅಕ್ಷರ ಆಡಿಲ್ಲ" ಎಂದು ಆಶ್ಚರ್ಯಪಟ್ಟಳು. ನಾನು ಅಮ್ಮ ಕಲಿಸಿದ ಕರೇಲಿಯದ ಮಾತಿನಲ್ಲಿ "ಸೇತುವೆ ಬಂತು ಸೈಮಿ" ಅಂದೆ. ಅವಳು ಕಣ್ಣು ತೆರೆದಳು. ನನ್ನನ್ನು ಇಂಪಿ ಎಂದೇ ತಿಳಿದಳು.

"ಎಷ್ಟೊತ್ತೇ ನಿನಗೆ? ಕಾದೂ ಕಾದೂ ಕಾಲು ಮರಗಟ್ಟಿತು" ಎಂದು ಗದರಿ, ನನ್ನನ್ನು ಸೇತುವೆ ದಾಟಿಸಿದಳು. ಮೊದಲು ಅಂಬಿಗನ ಮನೆ, ಅಲ್ಲಿ ಬಲೆ ಒಣಗುತ್ತಿತ್ತು. ಆಮೇಲೆ ಕುರುಡಿ ಮಾರ್ತಾಳ ಮನೆ, ಒಳಗಿಂದ ರೊಟ್ಟಿಯ ವಾಸನೆ ಬರುತ್ತಿತ್ತು. ಮೂರನೆಯದು ಶಾಲೆಯ ಮೇಷ್ಟ್ರದು. "ನಾಲ್ಕನೇದು ಇಳಿಜಾರಲ್ಲಿದೆ. ನಾಳೆ ಹೋಗೋಣ, ಸುಸ್ತಾಯ್ತು" ಎಂದು ನನ್ನ ಕೈ ಹಿಡಿದೇ ನಿದ್ದೆ ಹೋದಳು.

ನಾನು ಮತ್ತೆ ಹೋಗುವಷ್ಟರಲ್ಲಿ ಸೈಮಿ ತೀರಿಕೊಂಡಿದ್ದಳು.

ಅಮ್ಮನಿಗೆ ಹೇಳಿದೆ. ತಲೆಯಾಡಿಸಿದಳು, ಸ್ವಲ್ಪ ಹೊತ್ತಿಗೆ ಮರೆತಳು. ನಾನು ಕಲಿತು ತಂದ ಮೂರು ಮನೆಗಳಲ್ಲಿ ದಿನವೂ ಅವಳನ್ನು ಸುತ್ತಿಸಿದೆ. ಅವಳು ಮತ್ತೆ ಗಂಜಿ ಕುಡಿಯತೊಡಗಿದಳು. ಆದರೆ ಇಳಿಜಾರಿಗೆ ಬಂದಾಗ ನನ್ನ ಮುಖ ನೋಡುತ್ತಿದ್ದಳು. "ಮುಂದೆ? ಮುಂದಿನ ಮನೇಲಿ ಯಾರಿದಾರೆ?" ಒಂದು ಮಧ್ಯಾಹ್ನ ತಡೆಯಲಾಗದೆ ಕಟ್ಟಿ ಹೇಳಿದೆ: ಒಬ್ಬ ದರ್ಜಿ, ಅವನ ಇಬ್ಬರು ಹೆಣ್ಣುಮಕ್ಕಳು, ಕಿಟಕಿಯಲ್ಲಿ ಜೆರೇನಿಯಂ ಹೂವು.

ಅಮ್ಮ ಮೆಲ್ಲಗೆ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. "ಹೌಕಿಯೋಕಿಯಲ್ಲಿ ದರ್ಜಿ ಇರ್ಲಿಲ್ಲ" ಎಂದಳು. ಮಕ್ಕಳು ಅಪರಿಚಿತರನ್ನು ನೋಡುವ ಹಾಗೆ ನೋಡಿ ಕೇಳಿದಳು, "ನೀನು ಯಾರು? ನಮ್ಮೂರಿನವಳಲ್ಲ ನೀನು. ಇಲ್ಲಿಗೆ ಹೇಗೆ ಬಂದೆ?"

ಮಾನ್ಯರೇ, ಆ ದಿನದಿಂದ ಅವಳು ನನ್ನ ಜೊತೆ ನಡೆಯಲು ಬರುವುದಿಲ್ಲ.

ಇದಾದ ಮೇಲೆ, ತೀರಿಕೊಂಡ ಮೂರು ವಾರಕ್ಕೆ ಸೈಮಿಯನ್ನು ಮಣ್ಣು ಮಾಡಿದ ದಿನ, ಚರ್ಚಿನ ಅಂಗಳದಲ್ಲಿ ಕರೇಲಿಯದಲ್ಲೇ ಉಳಿದ ಸತ್ತವರಿಗೆಂದು ನಿಲ್ಲಿಸಿದ ಕಲ್ಲಿನ ಮುಂದೆ ಮೋಂಬತ್ತಿ ಹಚ್ಚುತ್ತಿದ್ದೆ. ಉತ್ತರದ ವೃದ್ಧಾಲಯದವರು ಗಾಲಿಕುರ್ಚಿಯಲ್ಲಿ ಒಬ್ಬ ಮುದುಕನನ್ನು ಕರೆತಂದಿದ್ದರು. ಹೆಸರು ಏಮೆಲಿ ಪ್ಯಾರ್ಸಿನೆನ್. ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿದ್ದವನಿಗೆ ಸೈಮಿಯ ಊರು ತಿಳಿದದ್ದು ಸಾವಿನ ಪ್ರಕಟಣೆಯಿಂದ. ಯಾವ ದಾದಿಯೂ ಕೇಳಿರಲಿಲ್ಲ, ಕೇಳಬೇಕೆಂದು ನೀವೂ ಹೇಳಿರಲಿಲ್ಲ. ನನ್ನನ್ನು ಹತ್ತಿರ ಕರೆದು ಅವನು ಕೇಳಿದ ಮೊದಲ ಪ್ರಶ್ನೆ: "ಹೌಕಿಯೋಕಿಯೋರಾ? ಯಾವ ದಡ?"

"ಅಮ್ಮ ಈ ದಡದವಳು. ಕಮ್ಮಾರನ ಮನೆ ಪಕ್ಕದ ಇಂಪಿ" ಅಂದೆ.

"ಇಂಪಿ ಇನ್ನೂ ಇದಾಳಾ?" ಅವನು ಗಾಲಿಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ನಮ್ಮ ಗಿರಣಿ ಇದ್ದದ್ದು ಆ ದಡದಲ್ಲಿ, ಮೇಷ್ಟ್ರ ಮನೆ ದಾಟಿದ್ರೆ ಸಿಗೋ ಇಳಿಜಾರಲ್ಲಿ. ಹಿಟ್ಟು ಮಾಡಿಸೋಕೆ ಬಂದು ನನ್ನ ಟೋಪಿ ಹೊಳೆಗೆಸೆದಿದ್ಲು, ಪುಣ್ಯಾತ್ಗಿತ್ತಿ."

ಈಗ ನನ್ನ ಬೇಡಿಕೆ. ಅಮ್ಮನನ್ನು ಏಮೆಲಿ ಇರುವ ವೃದ್ಧಾಲಯಕ್ಕೆ ಕಳಿಸಿಕೊಡಿ. ಅವಳು ನಿಮ್ಮ ವಲಯಕ್ಕೆ ಸೇರಿದವಳು, ಗೆರೆ ದಾಟಿಸಲಾಗದು ಎಂದು ನಿಮ್ಮ ಕಚೇರಿ ಈಗಾಗಲೇ ಹೇಳಿದೆ. ಎಂಬತ್ತು ದಾಟಿದ ಆ ಊರಿನವರು ಇನ್ನೆಷ್ಟು ಜನ ಉಳಿದಿದ್ದಾರು? ಅವರನ್ನು ಬೇರೆಬೇರೆ ಮೂಲೆಗಳಲ್ಲಿ ಕೂರಿಸಿ ಯಾವ ಆಡಳಿತವನ್ನು ಸುಗಮಗೊಳಿಸುತ್ತೀರಿ?

ಈಗ ನಾನು ದಿನವೂ ನಡೆದು ಹೋಗಿ ಅಮ್ಮನನ್ನು ನೋಡುತ್ತೇನೆ. ಅವಳು ಉತ್ತರಕ್ಕೆ ಹೋದರೆ ತಿಂಗಳಿಗೊಮ್ಮೆ ನೋಡಿದರೆ ಹೆಚ್ಚು. ಅವಳ ಕೊನೆಯುಸಿರಿಗೆ ನಾನು ಬಹುಶಃ ಹತ್ತಿರ ಇರಲಾರೆ. ಇದೆಲ್ಲ ಯೋಚಿಸಿಯೇ ಬರೆಯುತ್ತಿದ್ದೇನೆ. ಅವಳ ಪಕ್ಕದಲ್ಲಿ ಮಗಳಿರುವುದಕ್ಕಿಂತ ಊರಿನವನೊಬ್ಬನಿರಲಿ. ಹಿಮ ಬಿದ್ದು ದಾರಿ ಕೆಡುವ ಮುನ್ನ ವಾಹನ ಕಳಿಸಿ. ಅವಳ ಬಟ್ಟೆಬರೆ ಕಟ್ಟಿ ಇಟ್ಟಿದ್ದೇನೆ.

ಇಂತಿ,
ಅಮ್ಮನ ಊರಿಗೆ ಪರಕೀಯಳಾದ ಮಗಳು,
ರೈಲಿ