ಕೂಲರಿನ ಮುಂದೆ ಸ್ಪ್ರೂಸ್ ಗಿಡ

ನರೋಣಾ
೧೯ ಮೇ ೨೦೨೫

ಇರಮಳ ಅಬ್ಬಾ ಅವರಿಗೆ ನಿಶಾತಳ ಸಲಾಂ.

ಕಾಗದ ಕಂಡು ಗಾಬರಿಯಾಗಬೇಡಿ. ಫೋನಿನಲ್ಲಿ ಗಿಡದ ಸಮಾಚಾರ ಮುಗಿದ ಕೂಡಲೇ ಕಟ್ ಮಾಡುತ್ತೀರಿ. ಕಾಗದವನ್ನಾದರೆ ಪೂರ್ತಿ ಓದಲೇಬೇಕು, ಗಿಡದ ಮಾತು ಎಲ್ಲಿದೆಯೋ ಎಂದು ಹುಡುಕುತ್ತಾ.

ಸಿಮ್ಲಾ ನೋಡಲು ಹೋದವರು ಶಾಲು ತರುತ್ತಾರೆ, ಸೇಬು ತರುತ್ತಾರೆ. ನೀವು ಹಿಮದಲ್ಲಿ ಬೆಳೆಯುವ ಸ್ಪ್ರೂಸ್ ಸಸಿ ತಂದಿರಿ. ಅಂಗಳಕ್ಕೆ ಶೋಭೆಯಂತೆ! ಊರೆಲ್ಲ ತೊಗರಿ, ನಮ್ಮ ಮನೆ ಮಾತ್ರ ಹಿಮಗಿರಿ. ನೀವು ಹೇಳಿದಂತೆ ಬುಡಕ್ಕೆ ಬರ್ಫಿನ ಗಡ್ಡೆ ಹಾಕಿದೆ, ಸುತ್ತ ಒದ್ದೆ ಗೋಣಿ ಕಟ್ಟಿದೆ. ಅದೂ ಸಾಲದೆ ಕಿಟಕಿಯ ಕೂಲರ್ ಕಿತ್ತು ಗಿಡದ ಮುಂದೆ ಇಟ್ಟಿರಿ. ಏಪ್ರಿಲ್ ಬಿಸಿಲಿಗೆ ಮಗಳು ಬೆವರಿ ಪುಸ್ತಕವೆಲ್ಲ ಒದ್ದೆಯಾದಾಗ ನಾನು ಕೂಲರನ್ನು ಒಳಗೆ ತಂದೆ. ಅಷ್ಟಕ್ಕೇ ಬ್ಯಾಗು ಹಿಡಿದು ಯಡ್ರಾಮಿಯ ನಿಮ್ಮ ಅಣ್ಣನ ಮನೆ ಸೇರಿದಿರಿ. ಹೋಗುವಾಗ ಬೆರಳು ತೋರಿಸಿ, "ಗಿಡಕ್ಕ ಏನರ ಆದ್ರ ನಾ ಈ ಹೊಸ್ತಿಲ ತುಳ್ಯಾಂಗಿಲ್ಲ ನೋಡ್" ಎಂದಿರಿ. ಗಿಡಕ್ಕೆ ನೆರಳು, ಹೆಂಡತಿಗೆ ಬೆರಳು!

ಆಮೇಲೆ ಪ್ರತಿ ಶುಕ್ರವಾರ ನಮಾಜು ಮುಗಿಸಿ ಫೋನು. "ಗಿಡ ಹ್ಯಾಂಗದ? ಫೋಟೊ ಕಳಿಸು." ಹೋದ ವಾರ ನನಗೆ ಜ್ವರ, ದನಿ ಒಡೆದು ಕಾಗೆಯಂತಾಗಿತ್ತು. ಮಾತಾಡಲಾಗದೆ ಕೆಮ್ಮಿದೆ. ನೀವು, "ಯಾಕ, ನೀರ್ ಜಾಸ್ತಿ ಆತೇನು?" ಎಂದಿರಿ. ನನಗಲ್ಲ, ಗಿಡಕ್ಕೆ!

ಪಕ್ಕದ ಮನೆಯ ಗುರುಶಾಂತಮ್ಮ ಗೋಡೆಯಾಚೆಯಿಂದ, "ಏನ್ ಬೇ ನಿಶಾತ, ಗಂಡನ್ ಬಿಟ್ಟು ಗಿಡದ ಕೂಡ ಸಂಸಾರ ಮಾಡಾಕತ್ತೀಯೇನು?" ಎಂದರು. "ಗಿಡ ಆದ್ರ ಸಿಟ್ಟಾಗಿ ಯಡ್ರಾಮಿಗಿ ಹೋಗಂಗಿಲ್ರಿ ಅಕ್ಕಾ" ಎಂದೆ. ಅವರು ನಕ್ಕರು. ನಾನೂ ನಕ್ಕೆ, ಒಳಗೆ ಬಂದು ನಗು ನಿಲ್ಲಿಸಿದೆ.

ನೀವು ಹುಡುಕುತ್ತಿರುವ ಮಾತು ಇಲ್ಲಿದೆ: ಗಿಡ ನಿಂತಲ್ಲೇ ನಿಂತಿದೆ. ನೀರು ಬೇಡುವುದಿಲ್ಲ, ಬರ್ಫು ಬೇಡುವುದಿಲ್ಲ, ಹಟವಿಲ್ಲ.

ಬಕ್ರೀದ್ ಹತ್ತಿರ ಬಂತು. "ಅಬ್ಬಾ ಬರ್ತಾರೇನು ಅಮ್ಮಿ?" ಎಂದು ಇರಮ ಕೇಳಿದಳು. ಇಂಥ ಪ್ರಶ್ನೆಗೆ ನಾನೇ ಏಕೆ ಉತ್ತರ ಹೇಳಬೇಕು? ನೀವೇ ಹೇಳಿ.

ಎಲೆಯಿಲ್ಲದ, ಬೇರಿಲ್ಲದ, ಆದರೂ ಈ ಮನೆಯಲ್ಲೇ ಇರುವ
ನಿಶಾತ

ತಾ.ಕ.: ಗಿಡ ಒಣಗಿ ಮೂರು ಶುಕ್ರವಾರ ಕಳೆದವು. ಆಮೇಲೆ ನಿಮಗೆ ಕಳಿಸಿದ ಫೋಟೊಗಳೆಲ್ಲ ಮಾರ್ಚಿನವು. ಹೇಳಿದರೆ ಫೋನೂ ನಿಂತೀತೆಂದು ಹೇಳಲಿಲ್ಲ. ಈ ಶುಕ್ರವಾರ ಕೇಳುವುದಕ್ಕೆ ಗಿಡವಿಲ್ಲ. ಆದರೂ ಫೋನ್ ಮಾಡಿದರೆ ಎತ್ತುತ್ತೇನೆ.